ಮಂಡಿನೋವಿನ ಡಬ್ಬಿಗಳ ಬಗ್ಗೆ ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ, ಹಾಗೂ ರಾಜ್ಯದ ಆಹಾರ ಸುರಕ್ಷತೆ, ಔಷಧ ನಿಯಂತ್ರಣ ಮತ್ತು ಆಯುಷ್ ವಿಭಾಗದ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಮೆಡಿಕಲ್ ಶಾಪ್ ನಡೆಸುವ ಫಾರ್ಮಸಿಸ್ಟ್. ಕೌಂಟರಿನಲ್ಲಿ ನಿಂತು ದಿನವೂ ನೋಡುವ ಒಂದು ವಿಷಯವನ್ನು ನಿಮ್ಮ ಗಮನಕ್ಕೆ ತರಬೇಕಿದೆ. ಮಂಡಿನೋವು, ಕೀಲುನೋವು ಅಂತ ನಮ್ಮ ಹಿರಿಯರು ತಿಂಗಳು ತಿಂಗಳು ದುಡ್ಡು ಸುರಿಯುತ್ತಿದ್ದಾರೆ. ಅದರಲ್ಲಿ ದೊಡ್ಡ ಪಾಲು ಹೋಗುವುದು ಅಷ್ಟೇನೂ ಗುಣ ಕಾಣದ ಪೂರಕಗಳಿಗೆ, ಅಂದರೆ ಸಪ್ಲಿಮೆಂಟ್ ಪುಡಿ, ಮಾತ್ರೆಗಳಿಗೆ. ನಿಜವಾಗಿ ಗುಣ ಕೊಡುವ ಚಿಕಿತ್ಸೆಗೆ ಖರ್ಚು ಕಡಿಮೆ. ಆದರೆ ಅದನ್ನು ಕಲಿಸುವವರು ಅವರ ಊರಿನಲ್ಲಿ ಯಾರೂ ಇಲ್ಲ. ಇದನ್ನು ಸರಿಮಾಡುವ ಅಧಿಕಾರ ನಿಮ್ಮ ಕೈಯಲ್ಲಿದೆ. ಅದಕ್ಕೇ ಈ ಪತ್ರ.

ಈ ಪೂರಕಗಳನ್ನು ನಾನೂ ಮಾರುತ್ತೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ವ್ಯಾಪಾರದ ಒಳಲೆಕ್ಕ ಗೊತ್ತಿದ್ದವರು ಈ ವಿಷಯ ಮಾತಾಡುವುದು ಒಳ್ಳೆಯದು. ಸರ್ಕಾರ ಬೆಲೆ ಕಟ್ಟಿದ ಔಷಧಿಯಲ್ಲಿ ಚಿಲ್ಲರೆ ಅಂಗಡಿಗೆ 16% ಮಾರ್ಜಿನ್ ಅಂತ ನಿಯಮ ಇದೆ. ಪೂರಕ ಎನ್ನುವುದು ಕಾನೂನಿನ ಕಣ್ಣಿಗೆ ಆಹಾರ. ಅದಕ್ಕೆ ಆ ಮಿತಿ ಇಲ್ಲ. ಲಾಭ ಎಲ್ಲಿ ಜಾಸ್ತಿಯೋ ಆ ಡಬ್ಬಿ ಎದುರಿಗೇ ಕಾಣುವ ಶೆಲ್ಫಿನಲ್ಲಿ ಕೂರುತ್ತದೆ, ಅದರ ಪೋಸ್ಟರ್ ಬಾಗಿಲಿಗೆ ಬರುತ್ತದೆ.

ನಮ್ಮ ಅಂಗಡಿ ಇರುವುದು ಬಸ್ ಸ್ಟ್ಯಾಂಡ್ ಪಕ್ಕ. ಸಂತೆಯ ದಿನ ಹಳ್ಳಿ ಬಸ್ಸು ಬಂದು ನಿಂತಾಗ ಯಾರ ಮಂಡಿ ಹೇಗಿದೆ ಅಂತ ಕೂತಲ್ಲೇ ಗೊತ್ತಾಗುತ್ತದೆ. ಕಂಬಿ ಹಿಡಿದು, ಒಂದು ಕಾಲು ಕೆಳಗಿಟ್ಟು, ಸ್ವಲ್ಪ ತಡೆದು ಇನ್ನೊಂದು ಕಾಲು ಇಳಿಸುತ್ತಾರೆ. ಹೆಚ್ಚಿನವರು ಹೆಂಗಸರು. ವರ್ಷಾನುಗಟ್ಟಲೆ ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತವರು, ರಾಗಿ ಕೊಯ್ದವರು, ಹುಣಸೆಹಣ್ಣು ಬಡಿದು ಬೀಜ ತೆಗೆದವರು. ಅವರು ಕೇಳುವುದೂ ಒಂದೇ ಥರ: "ಮಂಡಿ ಸವೆದೈತಂತೆ ಕಣಪ್ಪ, ಗ್ರೀಸ್ ಬತ್ತೋಗೈತಂತೆ. ಟಿವೀಲಿ ತೋರಿಸ್ತಾರಲ್ಲ, ಆ ಪುಡಿ ಕೊಡು." ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಕೊಲಾಜೆನ್, ಗ್ಲುಕೋಸಮೈನ್ ಸೇರಿದ ಸ್ಯಾಚೆಯನ್ನು ದಿನಕ್ಕೊಂದರಂತೆ ತಗೊಂಡರೆ ಆ ಪಿಂಚಣಿ ಅಲ್ಲಿಗಲ್ಲಿಗೆ ಸರಿಹೋಗುತ್ತದೆ.

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಪ್ರಪಂಚದಲ್ಲಿ ಸುಮಾರು 52.8 ಕೋಟಿ ಜನಕ್ಕೆ ಆಸ್ಟಿಯೋ ಆರ್ಥ್ರೈಟಿಸ್, ಅಂದರೆ ಸವೆತದ ಸಂಧಿವಾತ ಇತ್ತು. ಅದರಲ್ಲಿ 36.5 ಕೋಟಿ ಜನಕ್ಕೆ ಮಂಡಿಯಲ್ಲೇ. 100ರಲ್ಲಿ 60 ಮಂದಿ ಹೆಂಗಸರು. 73 ಮಂದಿ 55 ದಾಟಿದವರು. ಬಿಪಿ, ಶುಗರ್ ಬಗ್ಗೆ ನಾವು ಮಾತಾಡುವಷ್ಟು ಇದರ ಬಗ್ಗೆ ಮಾತಾಡುವುದಿಲ್ಲ. ಮಂಡಿನೋವಿನಿಂದ ಜನ ಸಾಯುವುದಿಲ್ಲ, ಅದಕ್ಕೇ ಇರಬೇಕು. ಆದರೆ ಮಂಡಿ ಕೈಕೊಟ್ಟರೆ ನಡಿಗೆ ನಿಲ್ಲುತ್ತದೆ, ತೂಕ ಏರುತ್ತದೆ, ಶುಗರ್ ಹಿಡಿತ ತಪ್ಪುತ್ತದೆ, ದೇವಸ್ಥಾನ, ಮದುವೆ, ನೆಂಟರ ಮನೆ ಎಲ್ಲ ಬಿಟ್ಟುಹೋಗುತ್ತದೆ. ರಾತ್ರಿ ಬಾತ್‌ರೂಮಿಗೆ ಏಳಬೇಕಾಗುತ್ತದೆ ಅಂತ ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಟ್ಟ ಅಜ್ಜಿಯರನ್ನು ನಾನು ಬಲ್ಲೆ.

ಈಗ ಡಬ್ಬಿಯೊಳಗೆ ಏನಿದೆ ನೋಡೋಣ. ಹೆಚ್ಚು ಖರ್ಚಾಗುವುದು ಗ್ಲುಕೋಸಮೈನ್. ಸಾಮಾನ್ಯವಾಗಿ ಅದನ್ನು ತೆಗೆಯುವುದು ಸಿಗಡಿ, ಏಡಿಗಳ ಚಿಪ್ಪಿನಿಂದ. ಜೋಳದಿಂದ ಹುದುಗಿಸಿ ಮಾಡಿದ್ದೂ ಇದೆ. ಕಾಂಡ್ರಾಯ್ಟಿನ್ ಬರುವುದು ದನ, ಶಾರ್ಕ್ ಮುಂತಾದವುಗಳ ಮೃದ್ವಸ್ಥಿಯಿಂದ, ಅಂದರೆ ಕಾರ್ಟಿಲೇಜಿನಿಂದ. ಕೊಲಾಜೆನ್ ಮೀನಿನದೋ ದನದ್ದೋ ಇರುತ್ತದೆ. ಮನೆಗೆ ಮೊಟ್ಟೆಯನ್ನೂ ತರದ ಅಜ್ಜಿಯರು ಇದನ್ನು ಹಾಲಿಗೆ ಕಲಸಿ ಕುಡಿಯುತ್ತಾರೆ, ಪಾಪ. ಆಹಾರ ಪೂರಕದ ಡಬ್ಬಿ ಮೇಲೆ ಹಸಿರು ಚುಕ್ಕಿಯೋ ಕಂದು ಗುರುತೋ ಇರಬೇಕು ಎಂಬ ನಿಯಮವಿದೆ. ಆದರೆ ಅದು ಶೇಂಗಾ ಬೀಜದಷ್ಟೂ ದೊಡ್ಡದಿರುವುದಿಲ್ಲ, ಪೊರೆ ಬಂದ ಕಣ್ಣಿಗೆ ಕಾಣುವುದೂ ಇಲ್ಲ. ಸಿಗಡಿ, ಏಡಿ ತಿಂದರೆ ಅಲರ್ಜಿ ಆಗುವವರಿಗಂತೂ ಇದು ಬರೀ ಆಚಾರದ ಪ್ರಶ್ನೆಯೂ ಅಲ್ಲ.

ಮೂಳೆಗಳ ತುದಿಯಲ್ಲಿ ನುಣ್ಣಗೆ ಹೊದ್ದುಕೊಂಡಿರುವ ಕಾರ್ಟಿಲೇಜ್ ಸವೆದಿದೆ, ಅದರಲ್ಲಿರುವ ವಸ್ತುವನ್ನೇ ತಿಂದರೆ ಅದು ಮತ್ತೆ ಬೆಳೆಯುತ್ತದೆ ಅನ್ನುವುದು ಜಾಹೀರಾತಿನ ತರ್ಕ. ಕೇಳಲು ಸರಿ ಅನ್ನಿಸುತ್ತದೆ. ಆದರೆ ನುಂಗಿದ ಕೊಲಾಜೆನ್ ಹೊಟ್ಟೆ, ಕರುಳಿನಲ್ಲಿ ಜೀರ್ಣವಾಗಿ ಚಿಕ್ಕ ಚಿಕ್ಕ ತುಣುಕಾಗುತ್ತದೆ. ಆ ತುಣುಕು ನೇರ ಮಂಡಿಗೇ ಹೋಗಿ ಕೂರುತ್ತದೆ ಅನ್ನುವ ಖಾತರಿ ಯಾವ ಡಬ್ಬಿಯೂ ಕೊಡಲಾರದು. ಸವೆದ ಕಾರ್ಟಿಲೇಜನ್ನು ಮತ್ತೆ ಮೊದಲಿನಂತೆ ಮಾಡುವ ಮಾತ್ರೆ ಇವತ್ತಿಗೂ ಬಂದಿಲ್ಲ.

ಇದನ್ನು ಸರಿಯಾಗಿ ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕ ಸರ್ಕಾರದ ದುಡ್ಡಿನಲ್ಲಿ ನಡೆದ ಒಂದು ದೊಡ್ಡ ಪ್ರಯೋಗದ ಫಲಿತಾಂಶ 2006ರಲ್ಲಿ ಬಂತು. ಮಂಡಿನೋವಿನ 1,583 ಜನರಿಗೆ 24 ವಾರ ಮಾತ್ರೆ ಕೊಟ್ಟರು. ಕೆಲವರಿಗೆ ದಿನಕ್ಕೆ 1,500 ಮಿಲಿಗ್ರಾಂ ಗ್ಲುಕೋಸಮೈನ್. ಕೆಲವರಿಗೆ 1,200 ಮಿಲಿಗ್ರಾಂ ಕಾಂಡ್ರಾಯ್ಟಿನ್. ಕೆಲವರಿಗೆ ಎರಡೂ. ಇನ್ನು ಕೆಲವರಿಗೆ ಸೆಲೆಕಾಕ್ಸಿಬ್ ಎಂಬ ನೋವಿನ ಮಾತ್ರೆ. ಉಳಿದವರಿಗೆ ಔಷಧಿಯೇ ಇಲ್ಲದ ಖಾಲಿ ಮಾತ್ರೆ. ಯಾರಿಗೆ ಏನು ಕೊಟ್ಟಿದ್ದಾರೆಂದು ಯಾರಿಗೂ ಹೇಳಿರಲಿಲ್ಲ. ಕೊನೆಗೆ ನೋಡಿದರೆ, ಎರಡೂ ಪೂರಕ ತಗೊಂಡವರಲ್ಲಿ 100ಕ್ಕೆ ಸುಮಾರು 67 ಮಂದಿಗೆ ನೋವು ತಕ್ಕಮಟ್ಟಿಗೆ ಇಳಿದಿತ್ತು. ಖಾಲಿ ಮಾತ್ರೆಯವರಲ್ಲಿ 60 ಮಂದಿಗೆ! ಆ ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಚಿಕ್ಕದು. ನೋವು ಜೋರಾಗಿದ್ದವರ ಒಂದು ಚಿಕ್ಕ ಗುಂಪಿನಲ್ಲಿ ಎರಡನ್ನೂ ಸೇರಿಸಿ ಕೊಟ್ಟಾಗ ಹೆಚ್ಚು ಗುಣ ಕಂಡಿತ್ತು. ಅದನ್ನೂ ಹೇಳಲೇಬೇಕು. ಕಂಪನಿಗಳ ಪ್ರತಿನಿಧಿಗಳು ಅಂಗಡಿಗೆ ಬಂದಾಗ ತೋರಿಸುವುದು ಆ ಒಂದು ಸಾಲನ್ನು ಮಾತ್ರ.

ಖಾಲಿ ಮಾತ್ರೆಗೇ 60 ಮಂದಿಗೆ ಗುಣವಾಗಿದ್ದು ಹೇಗೆ? ಇದನ್ನು ಕೌಂಟರಿನಲ್ಲಿ ನಿಂತವರು ಸುಲಭವಾಗಿ ಅರ್ಥ ಮಾಡಿಕೊಳ್ಳಬಹುದು. ಸವೆತದ ನೋವು ಒಂದೇ ಸಮ ಇರುವುದಿಲ್ಲ, ಏರುತ್ತದೆ, ಇಳಿಯುತ್ತದೆ. ಜನ ಅಂಗಡಿಗೆ ಬರುವುದು ನೋವು ತೀರಾ ಏರಿದಾಗ. ಆಮೇಲೆ ನಾಲ್ಕಾರು ವಾರದಲ್ಲಿ ಅದು ತಾನಾಗೇ ಸ್ವಲ್ಪ ಇಳಿಯುತ್ತದೆ. ಹೆಸರು ಬರುವುದು ಆಗ ಬಾಯಿಗೆ ಹಾಕಿಕೊಂಡ ಪುಡಿಗೆ. ಜೊತೆಗೆ, ಏನೋ ಒಂದು ಔಷಧಿ ಮಾಡುತ್ತಿದ್ದೇನೆ ಅನ್ನುವ ನೆಮ್ಮದಿಯೂ ನೋವನ್ನು ನಿಜವಾಗಿ ಕಡಿಮೆ ಮಾಡುತ್ತದೆ. ಹಾಗಾಗಿ "ನನಗೆ ಇದರಿಂದ ಆರಾಮಾಯ್ತು" ಅನ್ನುವ ಹಿರಿಯರನ್ನು ಸುಮ್ನೆ ಗದರುವುದು ತಪ್ಪು. ಅವರು ಸುಳ್ಳು ಹೇಳುತ್ತಿಲ್ಲ.

ಅಮೆರಿಕದ ಸಂಧಿವಾತ ತಜ್ಞರ ಸಂಘ 2019ರ ಮಾರ್ಗಸೂಚಿಯಲ್ಲಿ ಮಂಡಿ, ಸೊಂಟದ ಸವೆತಕ್ಕೆ ಗ್ಲುಕೋಸಮೈನ್ ಬೇಡ ಅಂತ ಖಡಾಖಂಡಿತವಾಗಿ ಹೇಳಿದೆ. ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆ 2022ರಲ್ಲಿ ಅದನ್ನೇ ಹೇಳಿತು. ಎರಡೂ ಕಡೆ ಮೊದಲ ಸಾಲಿನ ಚಿಕಿತ್ಸೆ ವ್ಯಾಯಾಮ, ಮತ್ತು ತೂಕ ಜಾಸ್ತಿ ಇದ್ದರೆ ಇಳಿಸುವುದು. ನಮ್ಮ ಮೂಳೆ ಡಾಕ್ಟರುಗಳಿಗೂ ಇದು ಗೊತ್ತಿದೆ. ಆದರೆ ಒಪಿಡಿಯಲ್ಲಿ ಒಬ್ಬೊಬ್ಬರಿಗೆ ಸಿಗುವ ಎರಡು ನಿಮಿಷದಲ್ಲಿ ವ್ಯಾಯಾಮ ಕಲಿಸಲು ಆಗುವುದಿಲ್ಲ, ಚೀಟಿ ಬರೆಯಲು ಆಗುತ್ತದೆ.

ದುಡ್ಡು ಹೋದರೆ ಹೋಗಲಿ, ಅಪಾಯವೇನೂ ಇಲ್ಲವಲ್ಲ ಅಂತ ನೀವು ಕೇಳಬಹುದು. ಗ್ಲುಕೋಸಮೈನ್ ಬಹಳ ಜನಕ್ಕೆ ತೊಂದರೆ ಮಾಡುವುದಿಲ್ಲ, ನಿಜ. ಆದರೆ ಹೃದಯದ ಕವಾಟ ಬದಲಾಯಿಸಿಕೊಂಡು ವಾರ್ಫರಿನ್ ನುಂಗುವವರು ಇದನ್ನೂ ಸೇರಿಸಿಕೊಂಡರೆ ರಕ್ತ ಅಗತ್ಯಕ್ಕಿಂತ ಹೆಚ್ಚು ತೆಳುವಾಗುವ ಸಾಧ್ಯತೆ ಇದೆ. ಡಾಕ್ಟರು "ಬೇರೆ ಏನಾದರೂ ಔಷಧಿ ತಗೊಳ್ತೀರಾ" ಅಂದಾಗ ಯಾರೂ ಇದನ್ನು ಹೇಳುವುದಿಲ್ಲ. ಅವರ ಲೆಕ್ಕದಲ್ಲಿ ಅದು ಔಷಧಿಯಲ್ಲ, ಶಕ್ತಿ ಪುಡಿ.

ಗ್ಲುಕೋಸಮೈನ್ ಜೊತೆ ಡಯಾಸೆರಿನ್ ಸೇರಿಸಿದ ಮಾತ್ರೆ ನಮ್ಮಲ್ಲಿ ಚೆನ್ನಾಗಿ ಓಡುತ್ತದೆ. ಅದು ಪೂರಕವಲ್ಲ, ಚೀಟಿ ಇಲ್ಲದೆ ಕೊಡಬಾರದ ಔಷಧಿ. ಜೋರು ಭೇದಿ ಆಗುತ್ತದೆಂಬ ಕಾರಣಕ್ಕೆ ಯುರೋಪಿನ ಔಷಧ ಸಂಸ್ಥೆ 2014ರಲ್ಲಿ 65 ದಾಟಿದವರಿಗೆ ಡಯಾಸೆರಿನ್ ಸೂಕ್ತವಲ್ಲ ಎಂದಿತು. ನಮ್ಮಲ್ಲಿ ಅದನ್ನು ನುಂಗುವವರು ಬಹುತೇಕ 65 ದಾಟಿದವರೇ! ಹಳೇ ಚೀಟಿ ತೋರಿಸಿ ಮತ್ತೆ ಮತ್ತೆ ತಗೊಂಡು ಹೋಗುತ್ತಾರೆ. ಭೇದಿ ಶುರುವಾದರೆ ಅನ್ನ, ಸಾರನ್ನು ಬೈಯುತ್ತಾರೆ, ಮಾತ್ರೆ ಮುಂದುವರಿಸುತ್ತಾರೆ.

ಅರಿಶಿನದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅರಿಶಿನ ಅಂದರೆ ನಮಗೆ ಮನೆಯದ್ದು. ಸಾರಿಗೆ, ಹಾಲಿಗೆ ಹಾಕುವ ಅರಿಶಿನದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಕ್ಯಾಪ್ಸೂಲಿನ ಕರ್ಕ್ಯುಮಿನ್ ಬೇರೆ. ಅದು ಸಾಂದ್ರ ಮಾಡಿದ್ದು, ರಕ್ತಕ್ಕೆ ಹೆಚ್ಚು ಸೇರಲೆಂದು ಕಾಳುಮೆಣಸಿನ ಪೈಪರಿನ್ ಬೆರೆಸಿದ್ದು. ಮಂಡಿನೋವಿಗೆ ಸ್ವಲ್ಪ ಗುಣ ಕಂಡ ಚಿಕ್ಕ ಅಧ್ಯಯನಗಳಿವೆ. ಶಲ್ಲಕಿ ಎಂಬ ಮರದ ಅಂಟಿನ ಔಷಧಿಗೂ ಅಂಥವು ಇವೆ. ಆದರೆ ಇಂಥ ಅರಿಶಿನದ ಕ್ಯಾಪ್ಸೂಲುಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು 2019ರಲ್ಲಿ ಇಟಲಿಯಲ್ಲಿ ಸುದ್ದಿಯಾದವು. ಅಮೆರಿಕದ ವೈದ್ಯರು 2022ರಲ್ಲಿ ವರದಿ ಮಾಡಿದರು. ಆಸ್ಟ್ರೇಲಿಯಾದ ಔಷಧ ಇಲಾಖೆ 2023ರಲ್ಲಿ ಎಚ್ಚರಿಕೆ ಕೊಟ್ಟಿತು. ಇದು ಅಪರೂಪ. ಆದರೆ ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಕ್ಯಾಪ್ಸೂಲ್ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ ಅಂತ ಡಬ್ಬಿ ಮೇಲೆ ಒಂದು ಸಾಲು ಬರೆಯಲು ಏನು ಕಷ್ಟ?

ವಿಟಮಿನ್ ಡಿ ಕೊರತೆ ಇದ್ದವರಿಗೆ ಅದು ಬೇಕೇ ಬೇಕು, ಮೂಳೆಗೆ ಒಳ್ಳೆಯದು. ಸವೆದ ಮಂಡಿಯ ನೋವಿಗೆ ಅದು ಮದ್ದಲ್ಲ. ಎರಡು ವರ್ಷ ಕೊಟ್ಟು ನೋಡಿದ ಒಂದು ಪ್ರಯೋಗದಲ್ಲಿ ನೋವೂ ಕಡಿಮೆಯಾಗಲಿಲ್ಲ, ಸವೆತವೂ ನಿಲ್ಲಲಿಲ್ಲ. ವಾರಕ್ಕೊಂದು ಅಂತ ಕೆಲವು ವಾರಕ್ಕೆ ಬರೆದುಕೊಟ್ಟ 60,000 ಯೂನಿಟ್‌ನ ಸ್ಯಾಚೆಯನ್ನು ದಿನವೂ ಕುಡಿಯುವವರಿದ್ದಾರೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಹೊಡೆತ ಬೀಳುತ್ತದೆ ಅಂತ ಅವರಿಗೆ ಹೇಳಿದವರಿಲ್ಲ.

ಇವೆಲ್ಲಕ್ಕಿಂತ ನನ್ನ ನಿದ್ದೆ ಕೆಡಿಸುವುದು ಲೇಬಲ್ಲೇ ಇಲ್ಲದ ಪುಡಿ. ಸಂತೆಯಲ್ಲಿ, ಜಾತ್ರೆಯಲ್ಲಿ, ಈಚೆಗೆ ವಾಟ್ಸಾಪ್ ಆರ್ಡರಿನಲ್ಲಿ ಸಿಗುತ್ತದೆ. "ಮೂರೇ ದಿನಕ್ಕೆ ನೋವು ಮಾಯ." ನಿಜಕ್ಕೂ ಮಾಯವಾಗುತ್ತದೆ, ಅದೇ ಭಯ. ನಮ್ಮ ಅಂಗಡಿಗೆ ಬರುವ ರೈತರೊಬ್ಬರು ಅಂಥ ಪುಡಿ ತಿನ್ನಲು ಶುರುಮಾಡಿದ ಮೇಲೆ ಗದ್ದೆಗೆ ಹೋಗುವಷ್ಟು ಆರಾಮಾದರು. ಕೆಲವು ತಿಂಗಳಲ್ಲಿ ಮುಖ ದುಂಡಗಾಗಿ ಊದಿಕೊಂಡಿತು. "ಚೆನ್ನಾಗಿ ಆಗಿದ್ದೀರಲ್ಲ" ಅಂತ ಊರಿನವರು ಹೇಳುತ್ತಿದ್ದರಂತೆ. ಕೌಂಟರಿನ ಮೇಲೆ ಕೈ ಇಟ್ಟಾಗ ನೋಡಿದೆ, ಮುಂಗೈ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು, ಅಲ್ಲಲ್ಲಿ ನೇರಳೆ ಕಲೆ. ಶುಗರ್ 300 ದಾಟಿತ್ತು, ಮೊದಲು ಅವರಿಗೆ ಶುಗರ್ರೇ ಇರಲಿಲ್ಲ. ಪುಡಿಯನ್ನು ಒಮ್ಮೆಲೇ ಬಿಟ್ಟಾಗ ಸುಸ್ತು, ವಾಂತಿ, ತಲೆಸುತ್ತು ಬಂದು ಆಸ್ಪತ್ರೆ ಸೇರಿದರು. ಆ ಪುಡಿಯನ್ನು ಯಾರೂ ಲ್ಯಾಬಿಗೆ ಕಳಿಸಲಿಲ್ಲ, ಹಾಗಾಗಿ ಅದರಲ್ಲಿ ಇಂಥದ್ದೇ ಇತ್ತು ಅಂತ ನಾನು ಹೇಳಲಾರೆ. ಆದರೆ ಆ ಲಕ್ಷಣಗಳೆಲ್ಲ ಸ್ಟಿರಾಯ್ಡಿನವು. ಹೊರಗಿನಿಂದ ದಿನವೂ ಸ್ಟಿರಾಯ್ಡ್ ಬಂದರೆ, ಅಂಥದ್ದನ್ನೇ ದೇಹದೊಳಗೆ ತಯಾರಿಸುವ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಬಿಟ್ಟು ಕೂರುತ್ತದೆ. ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ. ಇಂಥ ಪುಡಿ ತಿನ್ನುತ್ತಿರುವವರು ಈ ಪತ್ರ ಓದುತ್ತಿದ್ದರೆ ದಯವಿಟ್ಟು ಪುಡಿಯ ಪೊಟ್ಟಣ ಸಮೇತ ಡಾಕ್ಟರ ಹತ್ತಿರ ಹೋಗಿ. ಅವರು ಹಂತ ಹಂತವಾಗಿ ಬಿಡಿಸುತ್ತಾರೆ.

ಲೇಬಲ್ ಇದ್ದರೂ ನಂಬುವ ಹಾಗಿಲ್ಲ ಅನ್ನುವುದಕ್ಕೆ ಅಮೆರಿಕದ ಒಂದು ಪ್ರಕರಣ ಸಾಕ್ಷಿ. ಆರ್ಟ್ರಿ ಕಿಂಗ್ ಎಂಬ ಕೀಲುನೋವಿನ ಪೂರಕದಲ್ಲಿ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಮತ್ತು ಡೆಕ್ಸಾಮೆಥಾಸೋನ್ ಸ್ಟಿರಾಯ್ಡ್ ಇರುವುದು, ಅದೂ ಲೇಬಲ್ಲಿನಲ್ಲಿ ಹೇಳದೆ, 2022ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಪರೀಕ್ಷೆಯಲ್ಲಿ ಗೊತ್ತಾಯಿತು. ಯಕೃತ್ತು ಕೆಟ್ಟ, ಸಾವಾದ ವರದಿಗಳೂ ಬಂದಿದ್ದವು. ಅಲ್ಲಿ ಮತ್ತೆ ಮತ್ತೆ ಎಚ್ಚರಿಕೆ ಕೊಟ್ಟರು. ನಮ್ಮ ಜಾತ್ರೆಯ ಪುಡಿಯನ್ನು ಪರೀಕ್ಷೆ ಮಾಡುವವರು ಯಾರು?

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಎಲ್ಲ ಕೀಲುನೋವೂ ವಯಸ್ಸಿನ ಸವೆತವಲ್ಲ. ಬೆಳಗ್ಗೆ ಎದ್ದಾಗ ಎರಡೂ ಕೈಯ ಬೆರಳ ಗೆಣ್ಣು ಊದಿ, ಅರ್ಧ ಗಂಟೆ, ಒಂದು ಗಂಟೆ ಬಿಗಿಯಾಗಿದ್ದರೆ ಅದು ರುಮಟಾಯ್ಡ್ ಸಂಧಿವಾತ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಕೀಲಿನ ಮೇಲೆ ತಿರುಗಿಬೀಳುವ ಕಾಯಿಲೆ ಇರಬಹುದು. ಅದಕ್ಕೆ ಮೆಥೊಟ್ರೆಕ್ಸೇಟ್‌ನಂಥ ಔಷಧಿ ಬೇಗ ಶುರುವಾದರೆ ಕೀಲು ಉಳಿಯುತ್ತದೆ. ಪುಡಿ, ಸ್ಯಾಚೆ ಅಂತ ವರ್ಷ ಕಳೆದರೆ ಬೆರಳು ಸೊಟ್ಟಗಾಗುತ್ತವೆ, ಆಮೇಲೆ ನೇರ ಮಾಡಲು ಆಗುವುದಿಲ್ಲ. ನಲವತ್ತರ ಹೆಂಗಸರು "ನಮ್ಮಮ್ಮಂಗೂ ಹಿಂಗೇ ಇತ್ತು" ಅಂತ ಅಮ್ಮನ ಪುಡಿಯನ್ನೇ ಕೇಳಿಕೊಂಡು ಬಂದಾಗ ನಾನು ಕೊಡುವುದಿಲ್ಲ, ರಕ್ತ ಪರೀಕ್ಷೆಗೆ ಕಳಿಸುತ್ತೇನೆ.

ಕಾನೂನು ಇಲ್ಲವೇ? ಇದೆ. ಒಂದೇ ಥರ ಕಾಣುವ ಮೂರು ಡಬ್ಬಿ ನಮ್ಮ ಶೆಲ್ಫಿನಲ್ಲಿ ಅಕ್ಕಪಕ್ಕ ಇರುತ್ತವೆ. ಒಂದರ ಮೇಲೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರುತ್ತದೆ, ಅದು ಆಹಾರ. ಇನ್ನೊಂದು ಆಯುರ್ವೇದ ಔಷಧಿ, ಆಯುಷ್ ಲೈಸೆನ್ಸ್. ಮತ್ತೊಂದು ಅಲೋಪತಿ ಔಷಧಿ. ಮೂರಕ್ಕೂ ಬೇರೆ ಬೇರೆ ನಿಯಮ, ಬೇರೆ ಬೇರೆ ಅಧಿಕಾರಿ. ಆಹಾರ ಪೂರಕದ ಮೇಲೆ "ಔಷಧಿಯಾಗಿ ಬಳಸಲು ಅಲ್ಲ" ಎಂದು ಬರೆಯಲೇಬೇಕು. ಬರೆದಿರುತ್ತಾರೆ, ಇಂಗ್ಲಿಷಿನಲ್ಲಿ, ಹಿಂಬದಿಯಲ್ಲಿ. ಮುಂಬದಿಯಲ್ಲಿ ಓಡುತ್ತಿರುವ ಬಿಳಿಗೂದಲ ಅಜ್ಜನ ಚಿತ್ರ, ಮಂಡಿಯ ಮೇಲೆ ಕೆಂಪು ವೃತ್ತ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ 54 ಕಾಯಿಲೆಗಳಿವೆ. ಅವನ್ನು ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವ ಹಾಗಿಲ್ಲ. ಅದರಲ್ಲಿ ಸಂಧಿವಾತವೂ ಇದೆ. ಆದರೂ ಕೇಬಲ್ ಟಿವಿಯಲ್ಲಿ ಬೆಳಗ್ಗೆ ಹೊತ್ತು "ಸಂಧಿವಾತ ಬುಡಸಮೇತ ವಾಸಿ" ಅಂತ ಅರ್ಧರ್ಧ ಗಂಟೆ ಕಾರ್ಯಕ್ರಮ ಬರುತ್ತದೆ. ಅಧಿಕಾರಿಗಳೇ, ಒಂದು ವಾರ ಬೆಳಗ್ಗೆ ಟಿವಿ ಹಾಕಿ ಕೂತರೆ ಸಾಕು, ಕೇಸು ಹಾಕಲು ಬೇಕಾದಷ್ಟು ಸಿಗುತ್ತದೆ.

ಸಚಿವರೇ, ಲೇಬಲ್ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ಸಾಕು ಅನ್ನುತ್ತದೆ ಆಹಾರದ ಕೇಂದ್ರ ನಿಯಮ. ಬೇರೆ ಭಾಷೆಯನ್ನು ಸೇರಿಸಲು ಅಡ್ಡಿಯಿಲ್ಲ. ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಇಲ್ಲಿ ತಯಾರಾಗುವ ಸರಕಿನ ಹೆಸರು, ಬಳಸುವ ರೀತಿ ಕನ್ನಡದಲ್ಲೂ ಇರಲಿ ಅನ್ನುತ್ತದೆ. ಮೊದಲು ಇಂಥ ಡಬ್ಬಿಗಳಿಂದಲೇ ಅದನ್ನು ಜಾರಿ ಮಾಡಿ. "ಇದು ಔಷಧಿಯಲ್ಲ", "ಸಿಗಡಿ, ಏಡಿಯಿಂದ ತಯಾರಾದದ್ದು", "ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿ". ಈ ಮೂರು ಸಾಲು ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ, ಮುಂಬದಿಯಲ್ಲಿ ಬರಲಿ. ಹೊರರಾಜ್ಯದ ಡಬ್ಬಿಗಳಿಗೆ ಅಂಗಡಿಯಲ್ಲೇ ಸ್ಟಿಕ್ಕರ್ ಅಂಟಿಸಲು ಹೇಳಿದರೆ ನಾವು ಅಂಟಿಸುತ್ತೇವೆ.

ಲೇಬಲ್ಲಿಲ್ಲದ ಪುಡಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಒಂದು ವ್ಯವಸ್ಥೆ ಬೇಕು. ರೋಗಿಯಿಂದ ಪುಡಿ ತಗೊಂಡು ಸರ್ಕಾರಿ ಲ್ಯಾಬಿಗೆ ಕಳಿಸುವುದು, ಫಲಿತಾಂಶವನ್ನು ಊರಿಗೆ ತಿಳಿಸುವುದು. ಔಷಧಿಯ ಅಡ್ಡಪರಿಣಾಮ ತಿಳಿಸಲು ಕೇಂದ್ರದ ಉಚಿತ ನಂಬರ್ ಇದೆ, 1800-180-3024. ನಮ್ಮಲ್ಲಿಗೆ ಬರುವ ಯಾವ ಹಿರಿಯರಿಗೂ ಅದು ಗೊತ್ತಿರಲಿಲ್ಲ. ನಮ್ಮದೇ 104 ಆರೋಗ್ಯ ಸಹಾಯವಾಣಿಯಲ್ಲಿ ಇಂಥ ದೂರು ತಗೊಳ್ಳುವ ಹಾಗೆ ಮಾಡಿದರೆ ಆ ನಂಬರ್ ಜನಕ್ಕೆ ಬಾಯಿಪಾಠ ಇದೆ.

ಬೆಲೆಯ ವಿಷಯದಲ್ಲಿ ಸರ್ಕಾರ ಮನಸ್ಸು ಮಾಡಿದರೆ ಏನಾಗುತ್ತದೆ ಅಂತ 2017ರ ಆಗಸ್ಟ್‌ನಲ್ಲಿ ನೋಡಿದ್ದೇವೆ. ಮಂಡಿ ಬದಲಾಯಿಸುವ ಆಪರೇಷನ್ನಿನ ಇಂಪ್ಲಾಂಟ್‌ಗೆ ಕೇಂದ್ರ ಬೆಲೆ ಕಟ್ಟಿತು. ಹೆಚ್ಚು ಬಳಕೆಯ ಕೋಬಾಲ್ಟ್ ಕ್ರೋಮಿಯಂ ಇಂಪ್ಲಾಂಟ್ 54,720 ರೂಪಾಯಿಗೆ ಇಳಿಯಿತು. ಅದು ಸವೆತದ ಕೊನೆಯ ಹಂತಕ್ಕೆ ಮಾಡಿದ ಸಹಾಯ. ಮೊದಲ ಹಂತದಲ್ಲಿ ಇರುವವರಿಗೆ ಏನಿದೆ?

ಅವರಿಗೆ ಬೇಕಾದದ್ದು ತೊಡೆಯ ಬಲ. ಮಂಡಿಯ ಭಾರ ಹೊರುವುದರಲ್ಲಿ ತೊಡೆಯ ಮುಂಭಾಗದ ಸ್ನಾಯುವಿನ ಪಾಲು ದೊಡ್ಡದು. ನೋವು ಅಂತ ನಡೆಯುವುದನ್ನು ಬಿಟ್ಟರೆ ಅದು ಸೊರಗುತ್ತದೆ, ನೋವು ಇನ್ನೂ ಏರುತ್ತದೆ. ಬಲ ಬರಿಸುವುದು ಹೀಗೆ: ಮಂಚದ ಮೇಲೆ ಬೆನ್ನಿಗೆ ಒರಗು ಕೊಟ್ಟು ಕಾಲು ಚಾಚಿ ಕೂರಬೇಕು. ಟವೆಲ್ ಸುತ್ತಿ ಮಂಡಿಯ ಕೆಳಗಿಟ್ಟು, ಮಂಡಿಯ ಹಿಂಭಾಗದಿಂದ ಅದನ್ನು ಒತ್ತಬೇಕು. ತೊಡೆ ಮೇಲೆ ಅಂಗೈ ಇಟ್ಟರೆ ಸ್ನಾಯು ಗಟ್ಟಿಯಾಗುವುದು ಗೊತ್ತಾಗುತ್ತದೆ. ಐದು ಎಣಿಸಿ ಬಿಡಬೇಕು. ಹತ್ತು ಸಲ, ಬೆಳಗ್ಗೆ ಸಂಜೆ. ಅದು ಹಗುರ ಅನ್ನಿಸಿದ ಮೇಲೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಮೊದಲ ವಾರಗಳಲ್ಲಿ ನೋವು ಕೊಂಚ ಜಾಸ್ತಿ ಆಗಬಹುದು. ಎಲ್ಲರೂ ಬಿಟ್ಟುಬಿಡುವುದು ಅಲ್ಲೇ. "ಅದು ಸಹಜ, ಬಿಡಬೇಡಿ" ಅಂತ ಹೇಳುವ ಒಬ್ಬರು ಪಕ್ಕದಲ್ಲಿ ಇರಬೇಕು. ಮಾತ್ರೆಗೂ ವ್ಯಾಯಾಮಕ್ಕೂ ಇರುವ ದೊಡ್ಡ ವ್ಯತ್ಯಾಸವೇ ಇದು. ಮಾತ್ರೆಯನ್ನು ಬರೆದುಕೊಟ್ಟರೆ ಸಾಕು, ವ್ಯಾಯಾಮವನ್ನು ಮನುಷ್ಯರೇ ಕೂತು ಕಲಿಸಬೇಕು.

ಇದರ ಜೊತೆಗೆ ಇನ್ನೂ ಕೆಲವಿವೆ. ಒಂದು ಕೆಜಿ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿ ಮೇಲಿನ ಭಾರ ನಾಲ್ಕು ಕೆಜಿ ಇಳಿಯುತ್ತದೆ. ಬಲಮಂಡಿ ನೋಯುತ್ತಿದ್ದರೆ ಕೋಲು ಎಡಗೈಯಲ್ಲಿ ಇರಬೇಕು. ಬಹಳ ಜನ ನೋಯುವ ಕಡೆಗೇ ಹಿಡಿದಿರುತ್ತಾರೆ. ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿ. ನೋವು ಜೋರಿದ್ದ ದಿನ ಡೈಕ್ಲೋಫೆನಾಕ್ ಜೆಲ್. ಅದು ಜನೌಷಧಿ ಕೇಂದ್ರದಲ್ಲಿ ಅಗ್ಗಕ್ಕೆ ಸಿಗುತ್ತದೆ, ನುಂಗುವ ನೋವಿನ ಮಾತ್ರೆಯಷ್ಟು ಹೊಟ್ಟೆ, ಕಿಡ್ನಿಗೆ ಹೊಡೆಯುವುದಿಲ್ಲ. ಎಳ್ಳೆಣ್ಣೆ ಹಚ್ಚಿ ಉಪ್ಪಿನ ಕಾವು ಕೊಟ್ಟರೆ ಹಾಯೆನಿಸುತ್ತದೆ, ಕೊಡಲಿ. ಪೂರಕವೇ ಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟು: ಡಾಕ್ಟರಿಗೆ ತಿಳಿಸಿ, ಮೂರು ತಿಂಗಳು ನೋಡಿ, ಗುಣ ಕಾಣದಿದ್ದರೆ ನಿಲ್ಲಿಸಿ, ಆ ದುಡ್ಡಿಗೆ ಹಾಲು, ಮೊಟ್ಟೆ, ಬೇಳೆ ತಿನ್ನಿ.

ಡೆನ್ಮಾರ್ಕಿನಲ್ಲಿ 2013ರಿಂದ ಗ್ಲಾಡ್ ಅನ್ನುವ ಕಾರ್ಯಕ್ರಮ ನಡೆಯುತ್ತಿದೆ. ಫಿಸಿಯೋಥೆರಪಿಸ್ಟ್‌ಗಳು ಸವೆತದ ಬಗ್ಗೆ ಪಾಠ ಹೇಳಿ, ಆರು ವಾರದಲ್ಲಿ ಹನ್ನೆರಡು ಸಲ ಗುಂಪಿನಲ್ಲಿ ವ್ಯಾಯಾಮ ಮಾಡಿಸುತ್ತಾರೆ. ಬೇರೆ ದೇಶಗಳೂ ಅದನ್ನು ತಗೊಂಡಿವೆ. ಅದಕ್ಕೆ ದೊಡ್ಡ ಯಂತ್ರ ಬೇಡ, ಕುರ್ಚಿ, ಚಾಪೆ, ಗೋಡೆ ಸಾಕು.

ನಮಗೆ ದಾರಿ ಆಗಲೇ ಇದೆ. ನೀವು 2024ರಲ್ಲಿ ಕೋಲಾರದಿಂದ ಶುರುಮಾಡಿದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆ ಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುತ್ತಾರೆ. ಅದೇ ಭೇಟಿಯಲ್ಲಿ ಇನ್ನು ಮೂರು ಪ್ರಶ್ನೆ ಕೇಳಲಿ: ಕೂತಲ್ಲಿಂದ ಏಳಲು ಕಷ್ಟವೇ? ಬೆಳಗ್ಗೆ ಬೆರಳು ಬಿಗಿಯುತ್ತವೆಯೇ? ನೋವಿಗೆ ಯಾವ ಪುಡಿ, ಮಾತ್ರೆ ತಗೊಳ್ಳುತ್ತಿದ್ದೀರಿ? ಕೊನೆಯ ಪ್ರಶ್ನೆಗೆ ಬಾಯಿ ಮಾತಿನ ಉತ್ತರ ಸಾಲದು, ಡಬ್ಬಿಯನ್ನೇ ತರಿಸಿ ನೋಡಬೇಕು. ಆಶಾ ಕಾರ್ಯಕರ್ತೆಯರಿಗೆ ಟವೆಲ್, ಕುರ್ಚಿಯ ಆ ಎರಡು ವ್ಯಾಯಾಮ ಕಲಿಸಿ. ಅದಕ್ಕೆ ಬೇರೆ ಗೌರವಧನ ಕೊಡಿ, ಅವರ ಮೇಲೆ ಈಗಲೇ ಬೇಕಾದಷ್ಟು ಹೊರೆಯಿದೆ. ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ 2010ರಿಂದಲೂ ಇದೆ, ಅದರಲ್ಲಿ ಫಿಸಿಯೋಥೆರಪಿಗೆ ಜಾಗವೂ ಇದೆ. ಆ ಸೇವೆ ವಾರಕ್ಕೊಮ್ಮೆ, ಗೊತ್ತಾದ ಒಂದು ದಿನ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ಬರಲಿ. ಮಂಡಿ ನೋಯುವವರನ್ನು ಎರಡು ಬಸ್ಸು ಬದಲಾಯಿಸಿ ಜಿಲ್ಲಾ ಕೇಂದ್ರಕ್ಕೆ ಬನ್ನಿ ಅನ್ನುವುದು ನ್ಯಾಯವಲ್ಲ, ಅಲ್ವಾ?

ನಮ್ಮಂಥ ಫಾರ್ಮಸಿಸ್ಟ್‌ಗಳನ್ನೂ ಇದರಲ್ಲಿ ಸೇರಿಸಿಕೊಳ್ಳಿ. ಡಾಕ್ಟರಿಗಿಂತ ಮೊದಲು ಜನ ಬರುವುದು ನಮ್ಮ ಹತ್ತಿರ. ಪೂರಕ ಕೇಳಿದವರಿಗೆ ವ್ಯಾಯಾಮದ ಚಿತ್ರವಿರುವ ಒಂದು ಕನ್ನಡ ಚೀಟಿ ಕೊಡಲೇಬೇಕು ಅಂತ ನಿಯಮ ಮಾಡಿ, ಇಲಾಖೆಯಿಂದ ಅಚ್ಚು ಹಾಕಿಸಿ ಕಳಿಸಿ. ನಮ್ಮ ಆರೋಗ್ಯ ಕೇಂದ್ರಕ್ಕೆ ವಾರಕ್ಕೊಂದು ಬೆಳಗ್ಗೆ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕಳಿಸುವುದಾದರೆ, ಕೈಯಿಲ್ಲದ ಗಟ್ಟಿ ಕುರ್ಚಿ, ಚಾಪೆ ಎಷ್ಟು ಬೇಕೋ ಅಷ್ಟನ್ನು ನಾನು ಕೊಡಿಸುತ್ತೇನೆ. ಜನರನ್ನು ಕಳಿಸುವ ಜವಾಬ್ದಾರಿಯೂ ನನ್ನದು. ದಿನ ಯಾವುದೆಂದು ನೀವು ಗೊತ್ತುಮಾಡಿ. ಸಂತೆಯ ದಿನವಾದರೆ ಹಳ್ಳಿಯವರಿಗೆ ಅನುಕೂಲ.

ಇಂತಿ ನಿಮ್ಮ ವಿಶ್ವಾಸಿ,
ತಾಲ್ಲೂಕು ಕೇಂದ್ರದ ಒಬ್ಬ ಫಾರ್ಮಸಿಸ್ಟ್